ಚೌಕಿಯ ಬಾಗಿಲು

“ಮೇಡಂ, ನನಗೆ 37 ವರ್ಷ. ಕರಾವಳಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಐದು ವರ್ಷದಿಂದ ಸ್ಕೂಬಾ ಹುಚ್ಚು. ಮಳೆಗಾಲ ಮುಗಿದು ನೀರು ತಿಳಿಯಾದರೆ ಸಾಕು, ರಜೆ ಹೊಂದಿಸಿಕೊಂಡು ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋಗುತ್ತೇನೆ. ನನ್ನ ಹತ್ತಿರ ಚಿಕ್ಕದೊಂದು ಕ್ಯಾಮೆರಾ, ಅದರ ಹೌಸಿಂಗ್, ಕಂತಿನಲ್ಲಿ ಕೊಂಡ ಒಂದು ಸ್ಟ್ರೋಬ್ ಇದೆ. ತೆಗೆದದ್ದನ್ನು ಸಮುದ್ರದೊಳಗಿನ ಫೋಟೊಗಳಿಗೆಂದೇ ಇರುವ ಒಂದು ಆನ್‌ಲೈನ್ ಗ್ಯಾಲರಿಗೆ ಹಾಕುತ್ತೇನೆ. ಅಲ್ಲಿ ಪ್ರತಿ ಚಿತ್ರದ ಕೆಳಗೆ ಶಟರ್, ಅಪರ್ಚರ್, ಐಎಸ್‌ಒ, ಎಡಿಟಿಂಗ್ ಎಂದು ಖಾನೆಗಳಿರುತ್ತವೆ. ನಾನು ಖಾಲಿ ಬಿಡುವವಳು.

ಡಿಸೆಂಬರಿನಲ್ಲಿ 12 ಮೀಟರ್ ಆಳದಲ್ಲಿ ಒಂದು ಲಯನ್ ಫಿಶ್ ಸಿಕ್ಕಿತು. ಕ್ಯಾಮೆರಾ ಆಟೊ ಮೋಡಿನಲ್ಲೇ ಇತ್ತು. ಮನೆಗೆ ಬಂದು ನೋಡಿದರೆ ಹಸಿರು ನೀರು, ತುಂಬ ಬಿಳಿ ಚುಕ್ಕೆ, ಮೂಲೆಯಲ್ಲಿ ಇನ್ಯಾರದೋ ಕಾಲಿನ ಫಿನ್. ಎರಡು ರಾತ್ರಿ ಕೂತು ಚುಕ್ಕೆ ಒರೆಸಿದೆ, ಹಸಿರನ್ನು ನೀಲಿ ಮಾಡಿದೆ, ಫಿನ್ ಅಳಿಸಿದೆ. ಹಾಕಿದ ದಿನವೇ ಎಲ್ಲರೂ ಹೊಗಳಿದರು. ಅಲ್ಲಿನ ಹಿರಿಯರೊಬ್ಬರು ‘ಸೆಟಿಂಗ್ಸ್ ಏನಿತ್ತು? ಎಡಿಟ್ ಎಷ್ಟು ಮಾಡಿದ್ದೀರಿ?’ ಎಂದು ಕೇಳಿದರು. ಸೆಟಿಂಗ್ ಏನಿತ್ತೋ ನನಗೇ ಗೊತ್ತಿರಲಿಲ್ಲ. ‘ಹೆಚ್ಚೇನಿಲ್ಲ ಸರ್, ಸ್ವಲ್ಪ ಕಲರ್ ಅಷ್ಟೇ’ ಎಂದು ಬರೆದುಬಿಟ್ಟೆ.

ಮೂರು ವಾರದ ಹಿಂದೆ ಹೊಸಬ ಹುಡುಗನೊಬ್ಬ ಮೆಸೇಜ್ ಕಳಿಸಿದ. ‘ಅಕ್ಕಾ, ನಿಮ್ಮ ಚಿತ್ರ ನೋಡಿ ನಾನೂ ನೇತ್ರಾಣಿಯಲ್ಲೇ ಪ್ರಯತ್ನ ಮಾಡಿದೆ. ನಾಲ್ಕು ಡೈವ್ ಆಯ್ತು, ಬರೀ ಹಸಿರು ಗಂಜಿ. ನಿಮಗೆ ಸ್ವಲ್ಪ ಕಲರ್ ಮಾಡಿದರೆ ಆಗುತ್ತೆ, ನನಗೆ ಏನು ಮಾಡಿದರೂ ಆಗಲ್ಲ. ಕ್ಯಾಮೆರಾ ಮಾರಿಬಿಡ್ತೇನೆ’ ಅಂತ. ಅವತ್ತಿನಿಂದ ನಿದ್ದೆ ಇಲ್ಲ. ನಿಜ ಹೇಳಿದರೆ ‘ಓ, ಎಲ್ಲಾ ಎಡಿಟ್ಟಾ’ ಎನ್ನುತ್ತಾರೆ. ಮಾಡಿದ್ದನ್ನೆಲ್ಲ ಬಿಚ್ಚಿ ಹೇಳಿದರೆ ನನ್ನದು ಅಂತ ಏನು ಉಳಿಯಿತು? ಹೇಳದಿದ್ದರೆ ಆ ಹುಡುಗ ಕಣ್ಣ ಮುಂದೆ ಬರುತ್ತಾನೆ. ಎಲ್ಲ ಚಿತ್ರ ಅಳಿಸಿ ಅಲ್ಲಿಂದ ಹೊರಟುಬಿಡೋಣ ಅನಿಸುತ್ತಿದೆ. ನಾನು ಮೋಸಗಾತಿಯಾ ಮೇಡಂ?”

– ಹೆಸರು, ಊರು ಬೇಡ

(ಪತ್ರವನ್ನು ಚಿಕ್ಕದು ಮಾಡಲಾಗಿದೆ. ಬರೆದವರ ಗುರುತು ಸಿಗುವಂಥ ವಿವರಗಳನ್ನು ಬದಲಿಸಿದೆ.)

ನಿಮ್ಮ ಪತ್ರ ಆರು ಪುಟ ಇತ್ತು. ಎರಡು ಸಲ ಓದಿದೆ. ಮೊದಲ ಸಲ ಲಯನ್ ಫಿಶ್ ಕಂಡಿತು. ಎರಡನೇ ಸಲ, ರಾತ್ರಿ ಎರಡು ಗಂಟೆಗೆ ಫೋನಿನ ಬೆಳಕಿನಲ್ಲಿ ಕೂತು, ಯಾರಾದರೂ ಮತ್ತೇನಾದರೂ ಕೇಳಿದ್ದಾರಾ ಎಂದು ಬೆರಳಿನಲ್ಲಿ ತಡಕುತ್ತಿರುವ ನೀವು ಕಂಡಿರಿ.

ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಬರುತ್ತೇನೆ. ಇಲ್ಲ, ನೀವು ಮೋಸಗಾತಿ ಅಲ್ಲ. ಸಣ್ಣದೊಂದು ಸುಳ್ಳು ಹೇಳಿದ್ದೀರಿ. ‘ಅಯ್ಯೋ, ಅದೇನು ಸುಳ್ಳಾ ಬಿಡಿ’ ಎಂದು ನಾನು ತೇಲಿಸಿಬಿಟ್ಟರೆ ನಿಮಗೆ ಸಮಾಧಾನ ಆಗುವುದಿಲ್ಲ, ಯಾಕೆಂದರೆ ನನ್ನ ಮಾತನ್ನು ನೀವೇ ನಂಬುವುದಿಲ್ಲ. ಆದರೆ ಮೋಸ ಮಾಡಲೆಂದೇ ಕೂತವರಿಗೆ ಗುರುತಿಲ್ಲದ ಹುಡುಗನೊಬ್ಬ ಕ್ಯಾಮೆರಾ ಮಾರುತ್ತಾನೆಂದು ಮೂರು ವಾರ ನಿದ್ದೆ ಕೆಡುವುದಿಲ್ಲ. ನಿಮಗೆ ಆಗುತ್ತಿರುವ ಸಂಕಟ ನಿಮ್ಮ ಮನಸ್ಸು ನೆಟ್ಟಗಿದೆ ಎನ್ನುವುದಕ್ಕೆ ಗುರುತು. ಈ ಅಂಕಣ ಓದುವವರಲ್ಲಿ ಸ್ಕೂಬಾ ಮಾಡುವವರು ಕಡಿಮೆ ಇರಬಹುದು. ಹೊಗಳಿಕೆಯ ಭರದಲ್ಲಿ ‘ಹೆಚ್ಚೇನಿಲ್ಲ’ ಎಂದು ಹೇಳಿ, ಆಮೇಲೆ ಆ ಮಾತಿನ ಕೆಳಗೆ ಸಿಕ್ಕಿಕೊಂಡವರು ಬಹಳ ಜನ ಇದ್ದಾರೆ.

ಆ ಮಾತು ನಿಮ್ಮ ಬಾಯಿಂದ ಯಾಕೆ ಬಂತು? ನಿಮ್ಮ ನಾಲ್ಕನೇ ಪುಟದಲ್ಲಿ, ಬೇರೇನೋ ಹೇಳುವ ನಡುವೆ, ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ. ಮೇಲೆ ಅಚ್ಚಾದ ಭಾಗದಲ್ಲಿ ಅದಿಲ್ಲ. ಇಲ್ಲಿ ಹೇಳಬಹುದೇ ಎಂದು ನಿಮ್ಮನ್ನು ಕೇಳಿಯೇ ಹೇಳುತ್ತಿದ್ದೇನೆ. ನೀವು ಮೊಟ್ಟಮೊದಲು ಹಾಕಿದ ಚಿತ್ರದ ಕೆಳಗೆ ಯಾರೋ ಒಬ್ಬ, ‘ಯಾರು ತೆಗೆದುಕೊಟ್ಟದ್ದು? ಇನ್‌ಸ್ಟ್ರಕ್ಟರ್ ಹುಡುಗನಾ?’ ಎಂದು ನಗುವ ಮುಖ ಅಂಟಿಸಿದ್ದ. ನೀವು ಉತ್ತರ ಕೊಡಲಿಲ್ಲ. ‘ಅದನ್ನು ಮರೆತೆ’ ಎಂದು ಬರೆದಿದ್ದೀರಿ.

ಮರೆತಿಲ್ಲ ಅನಿಸುತ್ತದೆ. ಡಿಸೆಂಬರಿನಲ್ಲಿ ಆ ಹಿರಿಯರು ‘ಎಡಿಟ್ ಎಷ್ಟು’ ಎಂದು ಕೇಳಿದಾಗ ನಿಮ್ಮ ಕಿವಿಗೆ ಬಿದ್ದದ್ದು ಹಳೆಯ ಪ್ರಶ್ನೆ. ಇದು ನಿನ್ನದೇನಾ, ನಿನ್ನ ಕೈಯಲ್ಲಿ ಆಗುವಂಥದ್ದಾ, ಎಂಬ ಪ್ರಶ್ನೆ. ಅದಕ್ಕೆ ನೀವು ‘ಹೌದು, ನನ್ನದೇ’ ಎಂದು ಹೇಳಬೇಕಿತ್ತು. ಅದು ಬಾಯಿಗೆ ಬರುವಾಗ ‘ಹೆಚ್ಚೇನಿಲ್ಲ ಸರ್’ ಎಂದಾಯಿತು. ನೋವಾದ ಜಾಗವನ್ನು ಯಾರಾದರೂ ಮುಟ್ಟುವ ಮೊದಲೇ ಕೈ ಅಡ್ಡ ಹಿಡಿಯುತ್ತೇವಲ್ಲ, ಹಾಗೆ. ಆ ಹಿರಿಯರ ಮನಸ್ಸಿನಲ್ಲಿ ಏನಿತ್ತೋ ನನಗೆ ತಿಳಿಯದು. ಬಹುಶಃ ನೇತ್ರಾಣಿಯ ಹಸಿರು ನೀರಿನಲ್ಲಿ ಅಂಥ ನೀಲಿ ಹೇಗೆ ಬಂತು ಎಂಬ ಬರೀ ಕುತೂಹಲವಿರಬಹುದು. ಒಳ್ಳೆಯದನ್ನೇ ಊಹಿಸಿದರೆ ಕಳೆದುಕೊಳ್ಳುವುದೇನೂ ಇಲ್ಲ.

ನಾನು ಈಜು ಬಾರದವಳು. ನೀರಿನೊಳಗೆ ಫೋಟೊ ತೆಗೆಯುವ ಪರಿಚಯದವರೊಬ್ಬರನ್ನು ಒಂದು ಸಂಜೆ ಕೂರಿಸಿಕೊಂಡು ನಿಮ್ಮ ಪತ್ರದ ಕ್ಯಾಮೆರಾ ಭಾಗವನ್ನೆಲ್ಲ ಬಿಡಿಸಿ ಕೇಳಿದೆ. ಅವರು ಹೇಳಿದ್ದನ್ನು ಕೇಳುತ್ತಾ ಹೋದಂತೆ, ನೀವು ಯಾವುದಕ್ಕೆ ನಾಚಿಕೊಂಡಿದ್ದೀರೋ ಅದರಲ್ಲಿ ಮುಕ್ಕಾಲು ಪಾಲು ನಾಚಿಕೆಯ ವಿಷಯವೇ ಅಲ್ಲ ಅನಿಸಿತು.

ನೀರು ಬೆಳಕನ್ನು ಕುಡಿಯುತ್ತದೆ. ಎಲ್ಲ ಬಣ್ಣವನ್ನೂ ಒಂದೇ ಸಮ ಕುಡಿಯುವುದಿಲ್ಲ, ಮೊದಲು ಕೆಂಪನ್ನು. ಐದಾರು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಬಹಳಷ್ಟು ಕರಗಿರುತ್ತದೆ, ಆಮೇಲೆ ಕಿತ್ತಳೆ, ಹಳದಿ. ಇನ್ನೂ ಆಳದಲ್ಲಿ ಬೆರಳು ಕೊಯ್ದುಕೊಂಡರೆ ನೆತ್ತರು ಹಸಿರಾಗಿ ಕಾಣುತ್ತದಂತೆ. ನಿಮ್ಮ ಲಯನ್ ಫಿಶ್‌ನ ಕೆಂಗಂದು ಪಟ್ಟೆಗಳು 12 ಮೀಟರ್ ಆಳದಲ್ಲಿ ಕಣ್ಣಿಗೂ ಕ್ಯಾಮೆರಾಕ್ಕೂ ಮಂಕು ಕಂದಾಗಿಯೇ ಕಾಣಬೇಕು. ಆ ಬಣ್ಣ ಮೀನಿನ ಮೈಮೇಲೆ ಇಲ್ಲವೇ? ಇದೆ. ಅದನ್ನು ತೋರಿಸುವ ಬೆಳಕು ಅಲ್ಲಿಗೆ ತಲುಪಿಲ್ಲ, ಅಷ್ಟೇ. ಸ್ಟ್ರೋಬ್ ಹಾಕುವುದು ಆ ಬೆಳಕನ್ನು ಕೈಯಲ್ಲೇ ಹೊತ್ತುಕೊಂಡು ಹೋಗಲು. ಅದೂ ಹತ್ತಿರಕ್ಕೆ ಮಾತ್ರ: ಒಂದು ಮೀಟರ್ ದೂರದ ಮೀನಿಗೆ ಹೋಗಿ ಲೆನ್ಸಿಗೆ ವಾಪಸು ಬರಲು ಆ ಬೆಳಕು ಎರಡು ಮೀಟರ್ ನೀರು ದಾಟಬೇಕು. ಮೂರು ಮೀಟರ್ ದೂರದ ಮೀನಿಗೆ ಆರು ಮೀಟರ್. ಅಲ್ಲಿಗೆ ಕೆಂಪು ಮತ್ತೆ ಮಾಯ.

ಅಂದರೆ ಸಮುದ್ರದೊಳಗೆ ‘ಕ್ಯಾಮೆರಾದಿಂದ ಬಂದದ್ದು ಬಂದಹಾಗೆ’ ಎಂಬುದು ಸತ್ಯದ ಇನ್ನೊಂದು ಹೆಸರೇನೂ ಅಲ್ಲ. ನೀರೊಳಗೆ ತೆಗೆದ ಮೊದಲ ಬಣ್ಣದ ಚಿತ್ರದಿಂದಲೂ ಇದೇ ಕಥೆ. 1926ರಲ್ಲಿ ಅಮೆರಿಕದ ಫ್ಲೋರಿಡಾದ ಡ್ರೈ ಟೋರ್ಟುಗಾಸ್ ಎಂಬಲ್ಲಿ ವಿಲಿಯಂ ಲಾಂಗ್ಲಿ, ಚಾರ್ಲ್ಸ್ ಮಾರ್ಟಿನ್ ಎಂಬಿಬ್ಬರು ಹಾಗ್‌ಫಿಶ್ ಎಂಬ ಮೀನಿನ ಚಿತ್ರ ತೆಗೆದರು. ನೀರಿನ ಮೇಲೆ ತೆಪ್ಪ ತೇಲಿಬಿಟ್ಟು, ಅದರಲ್ಲಿ ಮೆಗ್ನೀಸಿಯಂ ಪುಡಿ ಸುಟ್ಟು, ಆ ಮಿಂಚಿನ ಬೆಳಕಿನಲ್ಲಿ. ಮರುವರ್ಷ ಜನವರಿಯ ನ್ಯಾಷನಲ್ ಜಿಯಾಗ್ರಫಿಕ್‌ನಲ್ಲಿ ಅದು ಅಚ್ಚಾಯಿತು. ಆ ಪುಡಿ ಸುಟ್ಟ ಕಥೆ ಚಿತ್ರದಷ್ಟೇ ಪ್ರಸಿದ್ಧ. ‘ಬೆಳಕು ನೈಸರ್ಗಿಕವಲ್ಲ’ ಎಂದು ಅವರನ್ನು ಯಾರೂ ಹಂಗಿಸಿದಂತಿಲ್ಲ.

ಇನ್ನು ಬಿಳಿ ಚುಕ್ಕೆ. ಬ್ಯಾಕ್‌ಸ್ಕ್ಯಾಟರ್ ಎನ್ನುತ್ತೀರಿ. ಆಗುಂಬೆ ಘಾಟಿಯ ಮಂಜಿನಲ್ಲಿ ಹೈಬೀಮ್ ಹಾಕಿದರೆ ರಸ್ತೆ ಕಾಣದೆ ಮಂಜೇ ಬೆಳಗುವುದಿಲ್ಲವೇ, ಅದೇ. ಲೆನ್ಸಿಗೂ ಮೀನಿಗೂ ನಡುವೆ ತೇಲುವ ಕಣಗಳ ಮೇಲೆ ಸ್ಟ್ರೋಬಿನ ಬೆಳಕು ಬಿದ್ದು ಹಿಂದಕ್ಕೆ ಬರುತ್ತದೆ. ಸ್ಟ್ರೋಬನ್ನು ಬದಿಗೆ ಸರಿಸಿ, ಸ್ವಲ್ಪ ಹಿಂದಕ್ಕೆಳೆದುಕೊಂಡು, ಮೀನಿಗೆ ಇನ್ನಷ್ಟು ಹತ್ತಿರ ಹೋದರೆ ಕಡಿಮೆಯಾಗುತ್ತದೆ. ಕರಾವಳಿಯ ನೀರಿನಲ್ಲಿ ಪೂರ್ತಿ ಹೋಗುವುದಿಲ್ಲ. ಎರಡು ರಾತ್ರಿ ಕೂತು ಒಂದೊಂದೇ ಚುಕ್ಕೆ ಒರೆಸಿದ್ದೀರಲ್ಲ, ಅಕ್ಕಿಯಿಂದ ಕಲ್ಲು ಆರಿಸುವ ಕೆಲಸ ಅದು. ಅದರಲ್ಲಿ ಮುಚ್ಚಿಡುವಂಥದ್ದು ಏನಿದೆ? ನನಗಂತೂ ಅಷ್ಟು ತಾಳ್ಮೆ ಇಲ್ಲ.

ಫಿನ್ ವಿಷಯ ಮಾತ್ರ ಬೇರೆ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಬಣ್ಣ ತಿದ್ದುವುದು, ಚುಕ್ಕೆ ಒರೆಸುವುದು ನೀರು ಮಾಡಿದ್ದನ್ನು ಸರಿಪಡಿಸುವ ಕೆಲಸ. ಅಲ್ಲಿದ್ದ ಒಬ್ಬ ಮನುಷ್ಯನ ಕಾಲನ್ನು ಇಲ್ಲವಾಗಿಸುವುದು ಅಲ್ಲಿ ನಡೆದದ್ದನ್ನೇ ಬದಲಿಸುವ ಕೆಲಸ. ಎರಡನೆಯದೂ ಅಪರಾಧವಲ್ಲ, ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಯಾರು ಬೇಡ ಎನ್ನುತ್ತಾರೆ? ಆದರೆ ನೋಡುವವರಿಗೆ ಹೇಳಲೇಬೇಕಾದದ್ದು ಅದು. ನಾಳೆ ಇದೇ ಚಿತ್ರವನ್ನು ಸ್ಪರ್ಧೆಗೆ ಕಳಿಸುವ ಯೋಚನೆ ಬಂದರೆ ನಿಯಮಗಳನ್ನು ಓದಿ. ಅನೇಕ ಸ್ಪರ್ಧೆಗಳವರು ಕೊನೆಯ ಸುತ್ತಿನಲ್ಲಿ ಮೂಲ ರಾ ಫೈಲ್ ಕೇಳುತ್ತಾರೆ. ಬಣ್ಣ, ಬೆಳಕು ತಿದ್ದಿದ್ದನ್ನು ಸಾಮಾನ್ಯವಾಗಿ ಒಪ್ಪುತ್ತಾರೆ, ಏನನ್ನಾದರೂ ಸೇರಿಸಿದ್ದನ್ನೋ ಅಳಿಸಿದ್ದನ್ನೋ ಒಪ್ಪುವುದು ಕಡಿಮೆ.

ಈಗ ನಿಮ್ಮ ಎರಡನೇ ಭಯ: ಎಲ್ಲ ಹೇಳಿಬಿಟ್ಟರೆ ನನ್ನದು ಅಂತ ಏನು ಉಳಿಯುತ್ತದೆ?

ನೀವು ಕರಾವಳಿಯವರು, ಚೌಕಿ ಎಂದರೆ ನಿಮಗೆ ವಿವರಿಸಬೇಕಿಲ್ಲ. ಉಳಿದ ಓದುಗರಿಗಾಗಿ ಹೇಳುತ್ತೇನೆ: ಯಕ್ಷಗಾನದ ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಜಾಗ ಅದು. ನಾನು ಚಿಕ್ಕವಳಿದ್ದಾಗ ಅಜ್ಜಿಯ ಊರಿನಲ್ಲಿ ಬಯಲಾಟವಾದ ರಾತ್ರಿ ನಾವು ಮಕ್ಕಳೆಲ್ಲ ಮೊದಲು ಓಡುತ್ತಿದ್ದದ್ದು ಚೌಕಿಗೆ. ಯಾರೂ ಹೋಗಿ ಎನ್ನುತ್ತಿರಲಿಲ್ಲ. ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿಕೊಂಡು, ಕನ್ನಡಿ ಹಿಡಿದು, ಮುಖದ ಮೇಲೆ ಒಂದೊಂದೇ ಚುಟ್ಟಿ ಇಡುತ್ತಿದ್ದರು. ಗಂಟೆಗಟ್ಟಲೆ ಹಿಡಿಯುವ ಕೆಲಸ. ನಾವು ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತು ಎಣಿಸುತ್ತಿದ್ದೆವು. ಅವರು ನಡುವೆ ಬೀಡಿ ಸೇದುತ್ತಿದ್ದರು, ಬೆನ್ನು ನೋವೆಂದು ಗೊಣಗುತ್ತಿದ್ದರು. ಎಲ್ಲವೂ ಗೊತ್ತಿತ್ತು ನಮಗೆ. ಆಮೇಲೆ ಅದೇ ಮುಖ ತೆರೆಯ ಹಿಂದಿನಿಂದ ಅಬ್ಬರಿಸಿ ಮೇಲೆದ್ದಾಗ, ಅರ್ಧ ಗಂಟೆ ಮುಂಚೆ ಚುಟ್ಟಿ ಎಣಿಸಿದ್ದ ನಾನೇ ಅಜ್ಜಿಯ ಸೆರಗಿನೊಳಗೆ ಮುಖ ಹುದುಗಿಸುತ್ತಿದ್ದೆ. ಚೌಕಿಯ ಬಾಗಿಲು ತೆರೆದಿತ್ತೆಂದು ರಾಕ್ಷಸನ ಗತ್ತು ಒಂದು ಗುಲಗಂಜಿ ಕಡಿಮೆಯಾಗಲಿಲ್ಲ. ಆ ಹಿಟ್ಟು, ಆ ಸುಣ್ಣ ಊರಿನ ಪ್ರತಿ ಮನೆಯಲ್ಲೂ ಇತ್ತು. ನಾವು ಮರುದಿನ ಹಚ್ಚಿಕೊಂಡು ನೋಡಿದ್ದೂ ಉಂಟು. ಬೈಗುಳ ಬಿತ್ತೇ ಹೊರತು ರಾಕ್ಷಸ ಬರಲಿಲ್ಲ.

ಕ್ಯಾಮೆರಾ ಸೆಟಿಂಗ್ ಕೂಡ ಅಷ್ಟೇ. ಒಬ್ಬರು ‘ಎಫ್8, 1/125, ಐಎಸ್‌ಒ 200’ ಎಂದು ಬರೆದರು ಎನ್ನಿ. ಇನ್ನೊಬ್ಬರು ಅದನ್ನೇ ಇಟ್ಟುಕೊಂಡು ನೀರಿಗಿಳಿದರೆ ಅದೇ ಚಿತ್ರ ಬರುವುದಿಲ್ಲ. ಮೀನಿನ ಮೇಲಿನ ಬೆಳಕು ಸ್ಟ್ರೋಬಿನದು, ಹಿಂದಿನ ನೀರಿನ ಬೆಳಕು ಸೂರ್ಯನದು. ಸ್ಟ್ರೋಬಿನ ಮಿಂಚು ಕಣ್ಣೆವೆ ಹೊಡೆಯುವುದಕ್ಕಿಂತ ಎಷ್ಟೋ ಬೇಗ ಮುಗಿಯುವುದರಿಂದ ಶಟರ್ ಬದಲಿಸಿದರೆ ಮೀನು ಹಾಗೇ ಇದ್ದು, ಹಿಂದಿನ ನೀಲಿ ಮಾತ್ರ ತಿಳಿಯಾಗುವುದೋ ಗಾಢವಾಗುವುದೋ ಆಗುತ್ತದೆ. ಆ ನೀಲಿ ಅವತ್ತಿನ ಮೋಡ, ಗಂಟೆ, ನೀರಿನ ಕೊಳೆಯ ಮೇಲೆ ನಿಂತದ್ದು. ನಿಮ್ಮ ಚಿಕ್ಕ ಸೆನ್ಸರಿನ ಎಫ್4, ದೊಡ್ಡ ಕ್ಯಾಮೆರಾದ ಎಫ್4 ಒಂದೇ ಆಳವನ್ನು ಚೊಕ್ಕ ತೋರಿಸುವುದಿಲ್ಲ. ಸ್ಟ್ರೋಬ್ ಯಾವ ಕೋನದಲ್ಲಿತ್ತು, ಎಷ್ಟು ಶಕ್ತಿಯಲ್ಲಿ ಬೆಳಗಿತು, ಮೀನು ಎಷ್ಟು ದೂರದಲ್ಲಿತ್ತು ಎಂಬುದಕ್ಕೆ ಆ ಖಾನೆಗಳಲ್ಲಿ ಜಾಗವೇ ಇಲ್ಲ. ನನ್ನ ಪರಿಚಯದವರ ಪ್ರಕಾರ ನಿಜವಾದ ಗುಟ್ಟು ಇರುವುದು ಅಲ್ಲೇ, ಅದರಲ್ಲೂ ದೂರದಲ್ಲಿ. 2019ರಲ್ಲಿ ದೆರ್ಯಾ ಅಕ್ಕಾಯ್ನಾಕ್, ತಾಲಿ ತ್ರೈಬಿತ್ಸ್ ಎಂಬ ಇಬ್ಬರು ವಿಜ್ಞಾನಿಗಳು ಚಿತ್ರದಿಂದ ನೀರನ್ನೇ ತೆಗೆದುಹಾಕಿದಂತೆ ಬಣ್ಣ ಸರಿಪಡಿಸುವ ‘ಸೀ-ಥ್ರೂ’ ಎಂಬ ವಿಧಾನ ಪ್ರಕಟಿಸಿದರು. ಆ ಲೆಕ್ಕಕ್ಕೂ ಮೊದಲು ಬೇಕಾದದ್ದು ಚಿತ್ರದಲ್ಲಿರುವ ಪ್ರತಿಯೊಂದೂ ಕ್ಯಾಮೆರಾದಿಂದ ಎಷ್ಟು ದೂರದಲ್ಲಿದೆ ಎಂಬುದೇ.

ನೆಲದ ಮೇಲಿನ ಒಂದು ಉದಾಹರಣೆ ಕೊಡಲೇಬೇಕು, ನನಗೆ ತುಂಬ ಇಷ್ಟವಾದದ್ದು. ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಏರುತ್ತಿರುವ ಚಿತ್ರ ತೆಗೆದರು. ಗಡಿಬಿಡಿಯಲ್ಲಿ ಬೆಳಕು ಅಳೆಯುವ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಹೊಳಪು ಇಷ್ಟಿರುತ್ತದೆ ಎಂಬ ಲೆಕ್ಕ ನೆನಪು ಮಾಡಿಕೊಂಡು ಅಂದಾಜಿನಲ್ಲಿ ತೆಗೆದರು. ದಿನಾಂಕ ಬರೆದಿಟ್ಟಿರಲಿಲ್ಲ. ಎಷ್ಟೋ ವರ್ಷದ ಮೇಲೆ ಖಗೋಳದ ಲೆಕ್ಕ ಬಲ್ಲವರು ಚಂದ್ರನ ಸ್ಥಾನ ನೋಡಿ, ಅದು ನವೆಂಬರ್ 1 ಎಂದು ಕಂಡುಹಿಡಿಯಬೇಕಾಯಿತು. ಕತ್ತಲಕೋಣೆಯಲ್ಲಿ ಆ ಚಿತ್ರದ ಆಕಾಶವನ್ನು ಅವರು ದಶಕಗಳ ಕಾಲ ಮತ್ತೆ ಮತ್ತೆ ಮುದ್ರಿಸುತ್ತಾ ಕಪ್ಪಾಗಿಸುತ್ತಲೇ ಹೋದರು. 1983ರಲ್ಲಿ ತಮ್ಮ 40 ಚಿತ್ರಗಳನ್ನು ಹೇಗೆ ಮಾಡಿದೆ ಎಂದು ಲೆನ್ಸು, ಎಕ್ಸ್‌ಪೋಶರ್, ಮುದ್ರಣದ ಕಷ್ಟ ಎಲ್ಲವನ್ನೂ ಒಂದು ಪುಸ್ತಕವಾಗಿ ಬರೆದರು. ಮೀಟರ್ ಸಿಗದ ಪೇಚಾಟವನ್ನೂ ಬಿಡಲಿಲ್ಲ. ಆ ಚಂದ್ರೋದಯ ಈಗಲೂ ಅವರದ್ದೇ.

ನಿಮ್ಮ ಕ್ಯಾಮೆರಾ ಆಟೊ ಮೋಡಿನಲ್ಲಿತ್ತು ಎಂಬುದನ್ನು ಎರಡು ಕಡೆ, ತಪ್ಪೊಪ್ಪಿಗೆಯ ಹಾಗೆ ಬರೆದಿದ್ದೀರಿ. 12 ಮೀಟರ್ ಕೆಳಗೆ, ಗಾಳಿಯ ಲೆಕ್ಕ ನೋಡುತ್ತಾ, ಬಂಡೆಗೆ ತಾಗದಂತೆ ತೇಲುತ್ತಾ, ವಿಷಮುಳ್ಳಿನ ಮೀನನ್ನು ಬೆದರಿಸದೆ ಅದರ ಎದುರು ನಿಂತವರು ನೀವು. ಆ ಕೆಲಸಕ್ಕೆ ಆಟೊ ಮೋಡ್ ಇಲ್ಲ.

ಹಾಗಾದರೆ ಈಗೇನು ಮಾಡುವುದು? ಒಂದೇ ಸಲ ಎಲ್ಲ ಬೇಡ. ಎಲ್ಲ ಚಿತ್ರ ಅಳಿಸುವುದಂತೂ ಖಂಡಿತ ಬೇಡ. ಅಳಿಸಿದರೆ ಆ ಹುಡುಗನಿಗೆ ಉತ್ತರ ಸಿಗುವುದಿಲ್ಲ, ನಿಮಗೆ ನಿದ್ದೆಯೂ ಬರುವುದಿಲ್ಲ.

ಮೊದಲು ಆ ಹುಡುಗನಿಗೆ ಖಾಸಗಿಯಾಗಿ ನಾಲ್ಕು ಸಾಲು. ಕ್ಷಮೆಯ ದೊಡ್ಡ ಪತ್ರ ಬೇಡ, ಅದು ಅವನ ತಲೆಯ ಮೇಲೆ ಇನ್ನೊಂದು ಹೊರೆ. ‘ತಮ್ಮಾ, ನನಗೂ ಬಂದದ್ದು ಹಸಿರು ಗಂಜಿಯೇ. ಎರಡು ರಾತ್ರಿ ಕೂತು ಸರಿಮಾಡಿದೆ. ಅವತ್ತು ಸ್ವಲ್ಪ ಕಲರ್ ಅಷ್ಟೇ ಅಂದದ್ದು ಸರಿಯಲ್ಲ’ ಎಂದರೆ ಸಾಕು. ಜೊತೆಗೆ ನಿಮ್ಮ ಮೂಲ ಫೈಲನ್ನು, ಆ ಹಸಿರು ನೀರು, ಚುಕ್ಕೆ, ಫಿನ್ ಎಲ್ಲ ಇರುವುದನ್ನು, ಇದ್ದಹಾಗೇ ಕಳಿಸಿ. ಅವನಿಗೆ ಸೆಟಿಂಗಿಗಿಂತ ಹೆಚ್ಚು ಬೇಕಾಗಿರುವುದು ಅದು ಎಂದು ನನಗೆ ಅನಿಸುತ್ತದೆ. ತನ್ನದು ಮಾತ್ರ ಕೆಟ್ಟದ್ದು ಎಂದುಕೊಂಡು ಕೂತವನಿಗೆ ಇನ್ನೊಬ್ಬರ ಕೆಟ್ಟ ಚಿತ್ರ ನೋಡುವಷ್ಟು ಹಿತ ಬೇರೆ ಯಾವುದರಲ್ಲೂ ಇಲ್ಲ.

ಆಮೇಲೆ, ಒಂದೆರಡು ದಿನ ಬಿಟ್ಟು, ಚಿತ್ರದ ಕೆಳಗಿನ ಖಾನೆ ತುಂಬಿ. ನಿಮಗೆ ಸೆಟಿಂಗ್ ನೆನಪಿಲ್ಲ, ಇರಬೇಕಾಗಿಯೂ ಇಲ್ಲ. ಶಟರ್, ಅಪರ್ಚರ್, ಐಎಸ್‌ಒ ಎಷ್ಟಿತ್ತೆಂದು ಕ್ಯಾಮೆರಾವೇ ಪ್ರತಿ ಫೈಲಿನೊಳಗೆ ಬರೆದಿಟ್ಟಿರುತ್ತದೆ. ಆನ್‌ಲೈನ್‌ಗೆ ಹಾಕುವಾಗ ಎಷ್ಟೋ ಕಡೆ ಆ ಮಾಹಿತಿ ಉದುರಿಹೋಗುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿರುವ ಮೂಲದಲ್ಲಿ ಇದ್ದೇ ಇರುತ್ತದೆ. ಅದನ್ನು ನೋಡಿ ಬರೆಯಿರಿ. ಕೆಳಗೆ ಹೀಗೊಂದು ಸಾಲು: ‘ಆಟೊ ಮೋಡ್, ಒಂದು ಸ್ಟ್ರೋಬ್, ಆಳ 12 ಮೀಟರ್. ವೈಟ್ ಬ್ಯಾಲೆನ್ಸ್ ತಿದ್ದಿ ನೀರಿನ ಹಸಿರು ತೆಗೆದಿದ್ದೇನೆ. ಬ್ಯಾಕ್‌ಸ್ಕ್ಯಾಟರ್ ಒರೆಸಿದ್ದೇನೆ. ಎಡ ಮೂಲೆಯಲ್ಲಿದ್ದ ಡೈವರ್‌ನ ಫಿನ್ ಅಳಿಸಿದ್ದೇನೆ. ಮೊದಲು ಇದನ್ನು ಹೇಳಿರಲಿಲ್ಲ.’ ವಿವರಣೆ ಬೇಡ, ಸಮಜಾಯಿಷಿ ಬೇಡ. ಆ ಹಿರಿಯರು ಮತ್ತೆ ಏನಾದರೂ ಕೇಳಿದರೆ ಉತ್ತರಿಸಿ. ಯಾರಾದರೂ ‘ನಾನು ಅವತ್ತೇ ಅಂದುಕೊಂಡೆ’ ಎಂದು ಚುಚ್ಚಿದರೆ ಉತ್ತರಿಸಬೇಕಾಗಿಲ್ಲ. ಒಬ್ಬರಿಬ್ಬರು ಹಾಗೆ ಅನ್ನಬಹುದು. ಅವತ್ತು ಎದೆ ಸ್ವಲ್ಪ ಉರಿಯುತ್ತದೆ. ಆದರೆ ಈಗ ಪ್ರತಿ ರಾತ್ರಿ ಉರಿಯುತ್ತಿದೆಯಲ್ಲ.

ನಿಮ್ಮ ಪತ್ರದ ಕೊನೆಯಲ್ಲಿ ನಾನು ಆವರಣದೊಳಗೆ ಹಾಕಿದ ಎರಡು ಸಾಲು ನೋಡಿ. ಆರು ಪುಟವನ್ನು ಒಂದಾಗಿಸಿದ್ದೇನೆ, ಕೆಲವು ವಿವರ ಬದಲಿಸಿದ್ದೇನೆ. ಹೊಸ ಅಂಕಣಕಾರ್ತಿಯಾಗಿದ್ದಾಗ ಆ ಸಾಲು ಹಾಕಲು ನನಗೂ ಹಿಂಜರಿಕೆಯಿತ್ತು, ಓದುಗರು ಪತ್ರವನ್ನೇ ನಂಬದಿದ್ದರೆ ಎಂದು. ಇಷ್ಟು ವರ್ಷದಲ್ಲಿ ಒಬ್ಬರೂ ಅದನ್ನು ಹಿಡಿದು ಕೇಳಿಲ್ಲ.

ಮುಂದಿನ ಡೈವ್‌ಗಳಿಗೆ ಒಂದು ಸಣ್ಣ ಅಭ್ಯಾಸ ಇಟ್ಟುಕೊಳ್ಳಿ. ಡೈವ್ ಲಾಗ್ ಪುಸ್ತಕ ಹೇಗೂ ಬರೆಯುತ್ತೀರಲ್ಲ, ಅದರಲ್ಲೇ ಚಿತ್ರಕ್ಕೊಂದು ಸಾಲು: ನೀರು ಎಷ್ಟು ತಿಳಿ ಇತ್ತು, ಮೀನು ಎಷ್ಟು ದೂರ, ಸ್ಟ್ರೋಬ್ ಎಲ್ಲಿತ್ತು. ದೋಣಿಯಲ್ಲಿ ಒದ್ದೆ ಕೈಯಲ್ಲೇ ಗೀಚಿಕೊಂಡರೂ ಸಾಕು. ಫೈಲಿನಲ್ಲಿ ಇಲ್ಲದ್ದು ಇದೊಂದೇ.

ಎಲ್ಲವನ್ನೂ ಎಲ್ಲರಿಗೂ ಹೇಳಲೇಬೇಕು ಎಂದು ನಾನು ಹೇಳುತ್ತಿಲ್ಲ. ಹೇಳದೆ ಇರುವುದೇ ಒಳ್ಳೆಯದಾದ ಒಂದು ವಿಷಯ ಇದೆ: ಜಾಗ. ಸಮುದ್ರಕುದುರೆಯಂಥ ಅಪರೂಪದ, ಓಡಿಹೋಗಲಾರದ ಜೀವಿ ಸಿಕ್ಕಿದರೆ ಯಾವ ಬಂಡೆಯ ಯಾವ ಸಂದಿಯಲ್ಲಿ ಎಂದು ಬರೆಯಬೇಡಿ. ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇರುವ ಜೀವಿ. ಮರುದಿನ ಹತ್ತು ಸ್ಟ್ರೋಬು ಅದರ ಕಣ್ಣಿಗೆ ಬೆಳಗಬಾರದು. ಕೇಳಿದವರಿಗೆ ‘ಜಾಗ ಹೇಳುವುದಿಲ್ಲ’ ಎಂದು ನೇರವಾಗಿ ಹೇಳಿ. ಅದು ಜಿಪುಣತನವಲ್ಲ. ಹಾಗೆಯೇ, ವರ್ಷಗಟ್ಟಲೆ ತಿದ್ದಿ ತೀಡಿ ಮಾಡಿಕೊಂಡ ಯಾವುದೋ ಒಂದು ಎಡಿಟಿಂಗ್ ಕ್ರಮವನ್ನು ಸದ್ಯಕ್ಕೆ ನಿಮ್ಮ ಹತ್ತಿರವೇ ಇಟ್ಟುಕೊಳ್ಳಬೇಕು ಅನಿಸಿದರೆ ‘ಅದನ್ನು ಈಗ ಹೇಳಲಾರೆ’ ಎನ್ನುವ ಹಕ್ಕು ನಿಮಗಿದೆ. ‘ಹೇಳುವುದಿಲ್ಲ’ ಎಂದವರಿಗೆ ನಿದ್ದೆ ಬರುತ್ತದೆ. ‘ಏನೂ ಮಾಡಿಲ್ಲ’ ಎಂದವರಿಗೆ ಬರುವುದಿಲ್ಲ.

ಒಂದು ಮಾತನ್ನು ನಾನು ಸಲುಗೆಯಿಂದಲ್ಲ, ಸಲಹೆಗಾರ್ತಿಯಾಗಿ ಹೇಳುತ್ತಿದ್ದೇನೆ. ಮೂರು ವಾರ ಸರಿಯಾಗಿ ನಿದ್ದೆಯಿಲ್ಲದ ಮೈ ಹೊತ್ತು ನೀರಿಗಿಳಿಯಬೇಡಿ. ನಿದ್ದೆಗೆಟ್ಟ ತಲೆ ಗಾಳಿಯ ಗೇಜು ನೋಡಲು ಮರೆಯಬಹುದು, ಕ್ಯಾಮೆರಾದ ಹಿಂದೆ ಬಿದ್ದರೆ ಇನ್ನೂ ಹೆಚ್ಚು. ಮುಂದಿನ ಸಲ ಹೋದಾಗ ‘ನಿದ್ದೆ ಸರಿಯಾಗಿಲ್ಲ’ ಎಂದು ನಿಮ್ಮ ಇನ್‌ಸ್ಟ್ರಕ್ಟರ್‌ಗೆ ದೋಣಿ ಹತ್ತುವ ಮೊದಲೇ ಹೇಳಿ. ಒಂದೆರಡು ಡೈವ್ ಕ್ಯಾಮೆರಾ ಬಿಟ್ಟು ಹೋಗಿ ನೋಡಿ. ಐದು ವರ್ಷದ ಹಿಂದೆ ನೀವು ಮೊದಲು ಇಳಿದದ್ದು ಮೀನು ನೋಡಲು, ಯಾರಿಗೂ ತೋರಿಸಲು ಅಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ನಿದ್ದೆ ಬರದಿದ್ದರೆ, ಪಾಠ ಮಾಡುವಾಗ ಮನಸ್ಸು ನಿಲ್ಲದಿದ್ದರೆ, ಹೊಗಳಿಕೆ ಸಿಕ್ಕಾಗಲೆಲ್ಲ ‘ಇದು ನನಗೆ ಸಲ್ಲತಕ್ಕದ್ದಲ್ಲ’ ಎಂಬ ಕೊರೆತ ಶುರುವಾದರೆ, ಅದು ಲಯನ್ ಫಿಶ್‌ಗಿಂತ ಹಳೆಯ ವಿಷಯ. ಆಗ ಒಬ್ಬರ ಎದುರು ಕೂತು ಮಾತಾಡುವುದು ಒಳ್ಳೆಯದು. 14416ಕ್ಕೆ ಫೋನ್ ಮಾಡಿದರೆ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ. ದುಡ್ಡು ಕೊಡಬೇಕಿಲ್ಲ, ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ. ಹೆಸರಿಗೆ ಹೆದರಬೇಡಿ, ‘ಒಂದು ಫೋಟೊ ವಿಷಯಕ್ಕೆ ನಿದ್ದೆ ಇಲ್ಲ’ ಎಂದೇ ಮಾತು ಶುರುಮಾಡಬಹುದು. ನಿಮ್ಮ ಜಿಲ್ಲಾಸ್ಪತ್ರೆಯಲ್ಲೂ ಮನೋರೋಗ ವಿಭಾಗ ಇರುತ್ತದೆ.

ಗ್ಯಾಲರಿಯ ಖಾನೆ ತುಂಬುವುದು ಎರಡು ದಿನ ತಡವಾದರೂ ನಡೆಯುತ್ತದೆ. ಆ ಹುಡುಗನಿಗೆ ಮಾತ್ರ ಇವತ್ತು ಸಂಜೆಯೇ ಬರೆಯಿರಿ. ಕ್ಯಾಮೆರಾ ಇನ್ನೂ ಅವನ ಹತ್ತಿರವೇ ಇದೆಯಾ ಎಂದು ಮೊದಲು ಕೇಳಿ.